ಬ್ರೈಟನ್ ಕಡಲ ತಡಿಯಲ್ಲಿ ಅನ್ನದ ಋಣ

ಇಂಗ್ಲೆಂಡಿನಲ್ಲಿ ಎಲ್ಲಿ ನಿಂತರೂ ಕಡಲು ಬಹು ದೂರವಲ್ಲ. ಆದರೂ ಆ ನಾಡಿನ ಜನ ಕಡಲನ್ನು ನೋಡುವುದಕ್ಕಾಗಿಯೇ ಗಂಟುಮೂಟೆ ಕಟ್ಟಿ ಹೊರಡುವುದನ್ನು ಕಲಿತು ಇನ್ನೂ ಮುನ್ನೂರು ವರ್ಷ ತುಂಬಿಲ್ಲ. ಅದಕ್ಕೆ ಮುಂಚೆ ಕಡಲೆಂದರೆ ಬೆಸ್ತರಿಗೆ ಹೊಟ್ಟೆಪಾಡು, ನಾವಿಕರಿಗೆ ಹಾದಿ, ಉಳಿದವರಿಗೆ ಬರಿಯ ಭಯ. ೧೭೫೦ರಲ್ಲಿ ರಿಚರ್ಡ್ ರಸೆಲ್ ಎಂಬ ವೈದ್ಯನು ಗ್ರಂಥಿರೋಗಗಳಿಗೆ ಕಡಲ ನೀರೇ ಮದ್ದೆಂದು ಲ್ಯಾಟಿನ್ ಭಾಷೆಯಲ್ಲಿ ಒಂದು ಪ್ರಬಂಧ ಬರೆದನು. ಆ ನೀರಿನಲ್ಲಿ ಮುಳುಗಿದರೆ ಮಾತ್ರ ಸಾಲದು, ಅದನ್ನು ಕುಡಿಯಲೂ ಬೇಕು ಎಂಬುದು ಅವನ ಮತ. ರೋಗ ವಾಸಿಯಾಯಿತೋ ಇಲ್ಲವೋ, ಬ್ರೈಟ್‌ಹೆಲ್ಮ್‌ಸ್ಟನ್ ಎಂಬ ಬೆಸ್ತರ ಹಳ್ಳಿಗೆ ಮಾತ್ರ ಭಾಗ್ಯದ ಬಾಗಿಲು ತೆರೆಯಿತು. ವೈದ್ಯನ ಹಿಂದೆ ರೋಗಿಗಳು ಬಂದರು. ರೋಗಿಗಳ ಹಿಂದೆ, ಯಾವ ರೋಗವೂ ಇಲ್ಲದ ಶ್ರೀಮಂತರು ಬಂದರು. ೧೭೮೩ರಲ್ಲಿ ಯುವರಾಜನೇ ಬಂದನು. ೧೮೪೧ರಲ್ಲಿ ಲಂಡನ್ನಿನಿಂದ ರೈಲು ಬಂದಮೇಲೆ ಗುಮಾಸ್ತರೂ ಅಂಗಡಿಯವರೂ ಕೂಲಿಕಾರರೂ ಹೆಂಡಿರು ಮಕ್ಕಳೊಡನೆ ಬಂದಿಳಿದರು. ಉದ್ದನೆಯ ಹಳೆಯ ಹೆಸರು ಸವೆದು ‘ಬ್ರೈಟನ್’ ಎಂದಾಯಿತು.

ಲಂಡನ್ನಿನ ವಿಕ್ಟೋರಿಯಾ ನಿಲ್ದಾಣದಲ್ಲಿ ರೈಲು ಹತ್ತಿದರೆ ಸುಮಾರು ಒಂದು ಗಂಟೆಯ ಪ್ರಯಾಣ. ನಿಲ್ದಾಣದಿಂದ ಹೊರಬಿದ್ದ ಕೂಡಲೇ ರಸ್ತೆಯು ನೇರವಾಗಿ ಇಳಿಜಾರಾಗಿ ಕಡಲಿನತ್ತ ಸಾಗುತ್ತದೆ. ಆ ರಸ್ತೆಯ ತುದಿಯಲ್ಲಿ ಬೂದುಬಣ್ಣದ ಒಂದು ತುಣುಕು ಮಿನುಗುತ್ತದೆ. ಮಂಗಳೂರು, ಉಡುಪಿ, ಕಾರವಾರಗಳ ಮರಳ ದಂಡೆಯನ್ನು ಕಂಡವರಿಗೆ ಈ ದಂಡೆಯಲ್ಲಿ ಮೊದಲು ನಿರಾಸೆಯೇ. ಇಲ್ಲಿ ಮರಳಿಲ್ಲ, ಕಣ್ಣು ಹಾಯುವಷ್ಟು ದೂರವೂ ನುಣುಪಾದ ಉರುಟು ಕಲ್ಲುಗಳು. ಬರಿಗಾಲಿನಲ್ಲಿ ನಡೆದವರು ಹರಕೆ ಹೊತ್ತವರಂತೆ ಮುಖ ಕಿವುಚಿಕೊಂಡು ಹೆಜ್ಜೆ ಇಡುತ್ತಾರೆ. ಆದರೆ ಅಲೆ ಹಿಂದಕ್ಕೆ ಸರಿಯುವಾಗ ಆ ಕಲ್ಲುಗಳು ಒಂದರ ಮೇಲೊಂದು ಉರುಳುವ ಸದ್ದು, ದೊಡ್ಡ ಮೊರದಲ್ಲಿ ಯಾರೋ ಅವರೆಕಾಳು ಕೇರುವಂತೆ, ರಾತ್ರಿಯೆಲ್ಲ ಕಿವಿ ತುಂಬುತ್ತದೆ. ಕಡಲೊಳಕ್ಕೆ ಕಬ್ಬಿಣದ ಕಂಬಗಳ ಮೇಲೆ ಚಾಚಿಕೊಂಡಿರುವ ಕಟ್ಟೆಗೆ ಅಲ್ಲಿನವರು ‘ಪಿಯರ್’ ಎನ್ನುತ್ತಾರೆ. ೧೮೯೯ರಲ್ಲಿ ತೆರೆದ ಪಿಯರಿನ ಮೇಲೆ ಇಂದಿಗೂ ಆಟಪಾಟಗಳ ಜಾತ್ರೆ. ೧೮೬೬ರ ಇನ್ನೊಂದು ಪಿಯರ್ ೧೯೭೫ರಲ್ಲಿ ಮುಚ್ಚಿ, ೨೦೦೩ರಲ್ಲಿ ಬೆಂಕಿಗೆ ಆಹುತಿಯಾಗಿ, ಈಗ ನೀರಿನ ನಡುವೆ ಅಸ್ಥಿಪಂಜರದಂತೆ ನಿಂತಿದೆ. ನೋಡಲು ಚೆಂದವಾಗಿರುವುದು ಆ ಅಸ್ಥಿಪಂಜರವೇ.

ಅತಿಥಿಗಳನ್ನು ನಂಬಿಯೇ ಬೆಳೆದ ಊರು ಇದು. ಊಟವನ್ನೂ ಹಾಸಿಗೆಯನ್ನೂ ಮಾರುವುದು ಇದರ ಮುಖ್ಯ ಕಸುಬು. ಇಂಗ್ಲೆಂಡಿನ ಕಡಲೂರುಗಳಲ್ಲಿ ಬಾಡಿಗೆಮನೆಯ ಒಡತಿಯರೆಂದರೆ ಒಂದು ಪ್ರತ್ಯೇಕ ಜಾತಿ. ಅವರನ್ನು ಕುರಿತ ವಿನೋದಗಳಿಗೆ ಲೆಕ್ಕವಿಲ್ಲ. ಬೆಳಗಿನ ಉಪಾಹಾರ ಮುಗಿದೊಡನೆ ಅತಿಥಿ ಹೊರಗೆ ನಡೆಯಬೇಕು. ಮಳೆಯೇ ಸುರಿಯಲಿ, ಸಂಜೆಯ ಊಟದ ಗಂಟೆ ಹೊಡೆಯುವವರೆಗೆ ಒಳಗೆ ಬರುವಂತಿಲ್ಲ. ಮೇಜಿನ ಮೇಲಿನ ಉಪ್ಪು ಮೆಣಸಿನ ಬಟ್ಟಲಿಗೂ ಬಿಲ್ಲಿನಲ್ಲಿ ಬೇರೆ ಲೆಕ್ಕ ಬರುತ್ತಿತ್ತೆಂದು ಹಳಬರು ನಗುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇನ್ನೊಂದು ಕ್ರಮವೂ ಇತ್ತು. ಬಾಡಿಗೆಗೆ ಬಂದವರೇ ಪೇಟೆಯಿಂದ ಸಾಮಾನು ತಂದು ಕೊಡಬೇಕು, ಒಡತಿ ಅದನ್ನು ಬೇಯಿಸಿ ಬಡಿಸಬೇಕು. ತಂದದ್ದೆಲ್ಲ ತಟ್ಟೆಗೆ ಬಂತೋ, ಸ್ವಲ್ಪ ಒಡತಿಯ ಮಕ್ಕಳ ಹೊಟ್ಟೆಗೂ ಹೋಯಿತೋ ಎಂಬುದು ಅತಿಥಿಗಳ ನಿತ್ಯದ ಚಿಂತೆ. ದುಡ್ಡು ಕೊಟ್ಟು ಉಣ್ಣುವವನಿಗೆ ಊರು ತೋರಿಸುವ ಮುಖವೇ ಒಂದು. ಮಿತ್ರನಾಗಿ ಒಂದು ಮನೆಯ ಹೊಸ್ತಿಲು ದಾಟಿದವನಿಗೆ ಕಾಣುವ ಮುಖವೇ ಮತ್ತೊಂದು.

ಮೈಸೂರಿನ ನಿವೃತ್ತ ಮೇಷ್ಟ್ರೊಬ್ಬರೂ ಅವರ ಪತ್ನಿಯೂ ಮೇ ತಿಂಗಳ ಒಂದು ಶನಿವಾರ ಬ್ರೈಟನ್ನಿಗೆ ಹೊರಟದ್ದು ಈ ಎರಡನೆಯ ಬಗೆಯ ಅತಿಥಿಗಳಾಗಿ. ಮಗಳ ಮನೆಗೆಂದು ಲಂಡನ್ನಿಗೆ ಬಂದಿದ್ದ ದಂಪತಿಗಳು ಅವರು. ಹಲವು ವರ್ಷಗಳ ಹಿಂದೆ ಕೆಲಸದ ನಿಮಿತ್ತ ಕೆಲವು ತಿಂಗಳು ಮೈಸೂರಿನಲ್ಲಿದ್ದ ಇಂಗ್ಲಿಷ್ ಎಂಜಿನಿಯರೊಬ್ಬರು ಮೇಷ್ಟ್ರ ನೆರೆಮನೆಯಲ್ಲಿ ಬಾಡಿಗೆಗಿದ್ದರು. ಭಾನುವಾರ ಬಂತೆಂದರೆ ಮೇಷ್ಟ್ರ ಮನೆಯಲ್ಲೇ ಅವರ ಊಟ. ಚಕ್ಕಳಮಕ್ಕಳ ಹಾಕಿ ಕೂರಲಾರದೆ ಕಾಲು ಚಾಚಿ, ಬಾಳೆಯೆಲೆಯ ಮೇಲೆ ಓಡುವ ಸಾರನ್ನು ಅನ್ನದ ಅಣೆಕಟ್ಟಿನಿಂದ ತಡೆಯುತ್ತ, ಆತ ಆ ಮನೆಯ ಒಬ್ಬರಂತೆಯೇ ಆಗಿಹೋಗಿದ್ದರು. ಊರಿಗೆ ಮರಳಿದ ಮೇಲೂ ಕ್ರಿಸ್ಮಸ್ಸಿಗೊಂದು, ಯುಗಾದಿಗೊಂದು ಕಾಗದ ತಪ್ಪಲಿಲ್ಲ. ಈಗ ಪ್ರತಿಯಾಗಿ ಕರೆ ಬಂದಿತ್ತು. ಆದರೆ ಇಂಗ್ಲಿಷರ ಕರೆಯೂ ಒಂದು ರೈಲ್ವೆ ವೇಳಾಪಟ್ಟಿಯೇ. ಮೂರು ವಾರ ಮುಂಚಿತವಾಗಿ ಬಂದ ಆ ಕಾಗದದಲ್ಲಿ ಬರುವ ರೈಲು, ಹೋಗುವ ರೈಲು, ಊಟದ ಹೊತ್ತು, ಚಹದ ಹೊತ್ತು ಎಲ್ಲವೂ ನಮೂದಾಗಿದ್ದವು.

ಮೇಷ್ಟ್ರ ಪತ್ನಿಗೆ ಸಂತೋಷಕ್ಕಿಂತ ಸಂಕಟವೇ ಹೆಚ್ಚು. ಮಾಂಸವಿರಲಿ, ಮೊಟ್ಟೆಯನ್ನೂ ಮುಟ್ಟಿದವರಲ್ಲ ಅವರು.

“ಏನೂಂದ್ರೆ, ಅವರ ಮನೇಲಿ ನಾನು ಏನು ತಿನ್ನಲಿ? ಬೇಡ ಅಂದರೆ ಅವರಿಗೆ ಬೇಜಾರು, ತಿಂದರೆ ನನಗೆ ಬೇಜಾರು.”

“ಎರಡು ದಿನ ತಾನೆ? ಏಕಾದಶಿ ಎರಡು ಒಟ್ಟಿಗೆ ಬಂತು ಅಂದುಕೊ.”

ಈ ಸಮಾಧಾನವನ್ನು ಅವರು ನಂಬಲಿಲ್ಲ ಎಂಬುದಕ್ಕೆ ಅವರ ಚೀಲದಲ್ಲಿದ್ದ ಚಟ್ನಿಪುಡಿ, ಅವಲಕ್ಕಿ, ಕೋಡುಬಳೆ, ಸಾಸಿವೆ, ಇಂಗು, ಒಣಗಿಸಿದ ಕರಿಬೇವುಗಳೇ ಸಾಕ್ಷಿ.

ಮನೆ ಊರಿನ ಏರಿನ ಮೇಲಿತ್ತು. ಒಂದಕ್ಕೊಂದು ಅಂಟಿಕೊಂಡು ಸಾಲಾಗಿ ನಿಂತ ಕಿರಿದಾದ ಮನೆಗಳಲ್ಲಿ ಅದೂ ಒಂದು; ಮುಂದೆ ಅಂಗೈಯಗಲದ ತೋಟ, ಹಿಂದೆ ಅಡುಗೆಮನೆ, ಅದರ ಕಿಟಕಿಯಿಂದ ಚಾವಣಿಗಳ ಮೇಲುಗಡೆ ಕಡಲಿನ ಒಂದು ಗೆರೆ. ಎಂಜಿನಿಯರು, ಅವರ ಪತ್ನಿ, ಆಕೆಯ ವೃದ್ಧ ತಾಯಿ, ಮೂವರೇ ಮನೆಯ ಜನ. ಕುಶಲಪ್ರಶ್ನೆಗಳು ಮುಗಿಯುವ ಮೊದಲೇ ಮನೆಯೊಡತಿ ಮೇಷ್ಟ್ರ ಪತ್ನಿಯನ್ನು ಅಡುಗೆಮನೆಗೆ ಕರೆದೊಯ್ದು ಕಪಾಟನ್ನು ತೆರೆದು ತೋರಿಸಿದರು. ಮೂರು ವಾರಗಳಿಂದ ಆಕೆ ಡಬ್ಬಿಗಳ ಮೇಲಿನ ಸಣ್ಣಕ್ಷರಗಳನ್ನು ಓದುತ್ತಿದ್ದರಂತೆ. ಆ ದೇಶದ ಅಡುಗೆಯಲ್ಲಿ ಮಾಂಸವು ಕಣ್ಣಿಗೆ ಕಾಣುವ ಕಡೆಯಲ್ಲಿ ಅಪಾಯವಿಲ್ಲ. ಕಾಣದ ಕಡೆಯಲ್ಲಿ ಅಡಗಿ ಕುಳಿತಿರುತ್ತದೆ. ಜೆಲ್ಲಿ ನಡುಗುವುದು ಮೂಳೆ ಚರ್ಮಗಳಿಂದ ತೆಗೆದ ಜೆಲಟಿನ್ನಿನಿಂದ. ಹಳೆಯ ಪದ್ಧತಿಯ ಚೀಸಿಗೆ ಹಾಕುವ ಹೆಪ್ಪು ಕರುವಿನ ಹೊಟ್ಟೆಯದು. ಕಡುಬಿನ ಹಿಟ್ಟಿಗೆ ಬೆರೆಸುವ ‘ಸ್ಯೂಯೆಟ್’ ಹಸುವಿನದೋ ಕುರಿಯದೋ ಗಟ್ಟಿ ಕೊಬ್ಬು. ತರಕಾರಿಯ ಮೇಲೆ ಸುರಿಯುವ ಗ್ರೇವಿಯ ಮೂಲವಂತೂ ಹೇಳುವುದೇ ಬೇಡ. ಇವೆಲ್ಲಕ್ಕೂ ಬದಲಿ ಸಾಮಗ್ರಿಗಳನ್ನು ಹುಡುಕಿ ತಂದು, ಒಂದೊಂದರ ಮೇಲೂ ಚೀಟಿ ಅಂಟಿಸಿ, ಬೇರೆಯ ಒಂದು ಅಂಕಣದಲ್ಲಿ ಇಡಲಾಗಿತ್ತು. ಎರಡು ಹೊಸ ಪಾತ್ರೆ, ಒಂದು ಹೊಸ ಸೌಟು ಕೂಡ ಅಲ್ಲಿದ್ದವು. ಹೊಸತು ಏಕೆಂದು ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಮೇಷ್ಟ್ರ ಪತ್ನಿ ತಮ್ಮ ಚೀಲವನ್ನು ಮೆಲ್ಲನೆ ಕುರ್ಚಿಯ ಹಿಂದಕ್ಕೆ ಸರಿಸಿದರು.

ಮೇ ತಿಂಗಳಲ್ಲಿ ಆ ದೇಶದ ಬೆಳಕು ರಾತ್ರಿ ಎಂಟೂವರೆಯವರೆಗೂ ಹೋಗುವುದಿಲ್ಲ. ರಾತ್ರಿಯ ಊಟವೆಂಬುದು ಬಿಸಿಲಿನಲ್ಲೇ ನಡೆಯುತ್ತದೆ. ಅಂದು ಬಟಾಣಿಯ ಗಂಜಿಯಂತಹ ಸೂಪು, ಮನೆಯಲ್ಲೇ ಸುಟ್ಟ ಬ್ರೆಡ್ಡು, ಬೆಣ್ಣೆ ಹಾಕಿ ಬೇಯಿಸಿದ ಎಳೆಯ ಆಲೂಗಡ್ಡೆ, ಶತಾವರಿಯ ಎಳೆಯ ಚಿಗುರು. ನಮ್ಮಲ್ಲಿ ಮದ್ದಾಗಿರುವ ಶತಾವರಿಯ ಜಾತಿಯದೇ ಒಂದು ಗಿಡ ಅಲ್ಲಿ ವಸಂತದ ಮುಖ್ಯ ತರಕಾರಿ. ಪಾತ್ರೆಗಳು ಕೈಯಿಂದ ಕೈಗೆ ಮೇಜಿನ ಸುತ್ತ ಒಂದು ಪ್ರದಕ್ಷಿಣೆ ಬಂದವು. ಆಗ ನಡೆದದ್ದು, ಕನ್ನಡಿಗರು ಇಂಗ್ಲಿಷರ ಮನೆಗೆ ಊಟಕ್ಕೆ ಹೋದಾಗಲೆಲ್ಲ ನಡೆಯುವ ದುರಂತ. “ಇನ್ನೂ ಸ್ವಲ್ಪ?” ಎಂದು ಒಡತಿ ಕೇಳಿದರು. “ಬೇಡ, ಸಾಕು” ಎಂದರು ಮೇಷ್ಟ್ರು. ಮೈಸೂರಿನಲ್ಲಿ ಈ ‘ಬೇಡ’ಕ್ಕೆ ಅರ್ಥ ಬೇರೆ. ಮೊದಲನೆಯ ಬೇಡ ಮರ್ಯಾದೆಗೆ, ಎರಡನೆಯದು ಸಂಕೋಚಕ್ಕೆ. ಮೂರನೆಯ ಸಲ ಎಲೆಯ ಮೇಲೆ ಅಡ್ಡಹಿಡಿದ ಕೈಯ ಬೆರಳ ಸಂದಿಯಲ್ಲಿ ಹೋಳಿಗೆ ಬೀಳಲೇಬೇಕು. ಇಂಗ್ಲೆಂಡಿನಲ್ಲಿ ಬೇಡವೆಂದರೆ ಬೇಡ. ಅತಿಥಿಯ ಮಾತನ್ನು ನಂಬದೆ ಮತ್ತೆ ಬಲವಂತ ಮಾಡುವುದು ಅಲ್ಲಿ ಅವನಿಗೆ ಮಾಡುವ ಅವಮಾನ. ಪಾತ್ರೆ ಮುಂದಕ್ಕೆ ಹೋಗಿಬಿಟ್ಟಿತು. ಹೋಗುತ್ತಿದ್ದ ಆಲೂಗಡ್ಡೆಯನ್ನು ಮೇಷ್ಟ್ರು ನೋಡಿದ ನೋಟವನ್ನು ಎಂಜಿನಿಯರು ಗುರುತಿಸಿದರು. ಮೈಸೂರಿನಲ್ಲಿ ಆರು ತಿಂಗಳು ಉಂಡವರಲ್ಲವೆ? ಎದ್ದು ಪಾತ್ರೆಯನ್ನು ಹಿಂದಕ್ಕೆ ತಂದು, ಕೇಳದೆಯೇ ಮೂರು ಆಲೂಗಡ್ಡೆಯನ್ನು ಮೇಷ್ಟ್ರ ತಟ್ಟೆಗೆ ಹಾಕಿ, “ಬೇಡಿ ಬೇಡಿ, ಇನ್ನೊಂದೇ ಒಂದು” ಎಂದು ಅಚ್ಚ ಕನ್ನಡದಲ್ಲಿ ಹೇಳಿದರು. ಆತನ ನೆನಪಿನಲ್ಲಿ ಉಳಿದಿದ್ದ ಕನ್ನಡವೆಂದರೆ ಬಹುಮಟ್ಟಿಗೆ ಅಷ್ಟೇ.

ವೃದ್ಧೆ ಬಹಳ ಹೊತ್ತು ನಕ್ಕರು. ತಮ್ಮ ಬಾಲ್ಯದಲ್ಲಿ ಅತಿಥಿಗೆ ಎರಡನೆಯ ಸಲ ಬಡಿಸುವ ಮಾತೇ ಇರಲಿಲ್ಲವೆಂದರು. ೧೯೪೦ರಲ್ಲಿ ಆರಂಭವಾದ ಆಹಾರ ಪಡಿತರ ಪೂರ್ತಿ ಮುಗಿದದ್ದು ೧೯೫೪ರಲ್ಲಿ, ಯುದ್ಧ ನಿಂತು ಒಂಬತ್ತು ವರ್ಷಗಳಾದ ಮೇಲೆ. ನೆಂಟರ ಮನೆಗೆ ಹೋಗುವವರು ತಮ್ಮ ಪಾಲಿನ ಬೆಣ್ಣೆ ಸಕ್ಕರೆಗಳನ್ನು ಪೊಟ್ಟಣ ಕಟ್ಟಿಕೊಂಡೇ ಹೋಗುತ್ತಿದ್ದರು. ಜರ್ಮನರು ಬಂದಿಳಿದಾರೆಂಬ ಭಯದಿಂದ ಕಡಲ ದಂಡೆಗೆ ಮುಳ್ಳುತಂತಿ ಬಿಗಿದು, ಕಲ್ಲುಗಳ ಕೆಳಗೆ ಸಿಡಿಗುಂಡುಗಳನ್ನು ಹೂಳಿದ್ದರು. ಎರಡು ಪಿಯರುಗಳನ್ನೂ ನಡುವೆ ಕತ್ತರಿಸಿದ್ದರು. ಕಡಲ ಊರಿನ ಮಕ್ಕಳು ಕಡಲಿಗೆ ಕಾಲಿಡದೆ ಬೆಳೆದ ಕಾಲವದು. ಈ ಮಾತಿನ ಬಲದಿಂದ ಮೇಷ್ಟ್ರ ಪತ್ನಿಗೂ ಧೈರ್ಯ ಬಂದು, ಕುರ್ಚಿಯ ಹಿಂದಿನ ಚೀಲ ಹೊರಬಂದಿತು. ಕೋಡುಬಳೆಯನ್ನು ಹಲ್ಲಿಲ್ಲದ ವೃದ್ಧೆ ಚಹದಲ್ಲಿ ಅದ್ದಿ ತಿಂದರು.

ಊಟವಾದ ಮೇಲೆ ಬಟ್ಟಲು ಒರೆಸುತ್ತ ಮೇಷ್ಟ್ರು ಒಂದು ಕಥೆ ಹೇಳಿದರು. ಆ ದೇಶದಲ್ಲಿ ಅತಿಥಿಯೂ ಪಾತ್ರೆ ಒರೆಸುವುದು ಸ್ನೇಹದ ಲಕ್ಷಣ. ಕಥೆ ಬ್ರೈಟನ್ನಿನದೇ ಆದರೂ ಬ್ರೈಟನ್ನಿನ ಆ ಮನೆಯವರಿಗೆ ತಿಳಿದಿರಲಿಲ್ಲ. ೧೮೮೮ರಲ್ಲಿ ಬ್ಯಾರಿಸ್ಟರ್ ಪರೀಕ್ಷೆಗೆಂದು ಇಂಗ್ಲೆಂಡಿಗೆ ಬಂದ ಮೋಹನದಾಸ ಗಾಂಧಿಯವರು ತಮ್ಮ ಮೊದಲ ವರ್ಷದಲ್ಲಿ ಬ್ರೈಟನ್ನಿಗೂ ಹೋಗಿದ್ದರು. ಹೋಟೆಲಿನಲ್ಲಿ ಊಟದ ಪಟ್ಟಿಯೆಲ್ಲ ಫ್ರೆಂಚ್ ಭಾಷೆಯಲ್ಲಿ. ಯಾವುದರಲ್ಲಿ ಮಾಂಸವಿದೆ, ಯಾವುದರಲ್ಲಿ ಇಲ್ಲ ಎಂದು ತಿಳಿಯದೆ ಹತ್ತೊಂಬತ್ತು ವರ್ಷದ ಆ ಹುಡುಗ ಕಂಗಾಲಾಗಿ ಕುಳಿತಿದ್ದಾಗ, ಅದೇ ಮೇಜಿನಲ್ಲಿದ್ದ ಒಬ್ಬ ವೃದ್ಧ ವಿಧವೆ ಪಟ್ಟಿಯನ್ನು ತಾವೇ ಓದಿ ಅರ್ಥ ಹೇಳಿ ಕಾಪಾಡಿದರು. ಅಷ್ಟಕ್ಕೇ ಬಿಡಲಿಲ್ಲ, ಲಂಡನ್ನಿನ ತಮ್ಮ ಮನೆಯ ವಿಳಾಸ ಕೊಟ್ಟು, ಪ್ರತಿ ಭಾನುವಾರ ಊಟಕ್ಕೆ ಬರಬೇಕೆಂದರು. ಗಾಂಧಿಯವರು ಹೋಗುತ್ತಿದ್ದರು. ಹುಡುಗನ ಸಂಕೋಚ ಹೋಗಲೆಂದು ಆಕೆ ತರುಣಿಯರ ಪರಿಚಯವನ್ನೂ ಮಾಡಿಸಿದರು. ಮನೆಯಲ್ಲಿದ್ದ ಒಬ್ಬ ತರುಣಿಯೊಡನೆ ಮಾತನಾಡಲು ಬಿಟ್ಟು ತಾವು ಸರಿದುಹೋಗುತ್ತಿದ್ದರು. ಊರಿನಲ್ಲಿ ಹೆಂಡತಿ ಇರುವುದನ್ನು, ಒಂದು ಮಗುವೂ ಇರುವುದನ್ನು, ಆಗಿನ ಭಾರತೀಯ ವಿದ್ಯಾರ್ಥಿಗಳ ವಾಡಿಕೆಯಂತೆ, ಗಾಂಧಿಯವರು ಮರೆಮಾಚಿದ್ದರು. ಆದರೆ ಆ ಮನೆಯ ಊಟ ಗಂಟಲಿನಲ್ಲಿ ಸಿಕ್ಕಿಕೊಳ್ಳತೊಡಗಿತು. ಕೊನೆಗೆ ಎಲ್ಲವನ್ನೂ ಒಪ್ಪಿಕೊಂಡು ಕಾಗದ ಬರೆದರು. ಇನ್ನು ಮುಂದೆ ಮನೆಗೆ ಬರಲು ತಾನು ಯೋಗ್ಯನೆಂದು ಆಕೆಗೆ ತೋರಿದರೆ ಮಾತ್ರ ತಿಳಿಸಬೇಕೆಂದರು. ಮರುಟಪಾಲಿನಲ್ಲೇ ಉತ್ತರ ಬಂತು. ಅವರಿಬ್ಬರೂ ಆ ಕಾಗದ ಓದಿ ಚೆನ್ನಾಗಿ ನಕ್ಕರಂತೆ. ಮುಂದಿನ ಭಾನುವಾರದ ಊಟಕ್ಕೆ ಎಂದಿನಂತೆ ಬರಬೇಕಂತೆ. ಆತ್ಮಕಥೆಯಲ್ಲಿ ಈ ಪ್ರಸಂಗವನ್ನು ಅಸತ್ಯವೆಂಬ ವಿಷದ ಉದಾಹರಣೆಯಾಗಿ ಗಾಂಧಿಯವರು ಹೇಳಿದ್ದಾರೆ. ಆದರೆ ಅದನ್ನು ಅನ್ನದ ಋಣದ ಕಥೆಯಾಗಿಯೂ ಓದಬಹುದು. ಹೋಟೆಲಿನಲ್ಲಿ ದುಡ್ಡು ಕೊಟ್ಟು ಉಂಡವನಿಗೆ ಬಡಿಸಿದವರ ಮುಂದೆ ನಿಜ ಹೇಳುವ ಹಂಗಿಲ್ಲ.

ಮರುದಿನ ಬೆಳಗ್ಗೆ ಓಟ್ಸಿನ ಗಂಜಿ ಕುಡಿದು ಎಲ್ಲರೂ ರಾಯಲ್ ಪೆವಿಲಿಯನ್ ನೋಡಲು ಹೋದರು. ಬ್ರೈಟನ್ನಿಗೆ ಬಂದ ಭಾರತೀಯರು ಈ ಅರಮನೆಯ ಮುಂದೆ ಕಣ್ಣುಜ್ಜಿಕೊಳ್ಳುವುದು ಸಹಜ. ಇಂಗ್ಲಿಷ್ ಊರಿನ ನಡುಮಧ್ಯದಲ್ಲಿ ಈರುಳ್ಳಿಯಾಕಾರದ ಗುಮ್ಮಟಗಳು, ಮಿನಾರುಗಳು, ಕಲ್ಲಿನ ಜಾಲಂಧ್ರಗಳು! ಯುವರಾಜನಿಗಾಗಿ ಜಾನ್ ನ್ಯಾಶ್ ಎಂಬ ಶಿಲ್ಪಿ ೧೮೧೫ರಿಂದ ೧೮೨೩ರವರೆಗೆ ಇದನ್ನು ಕಟ್ಟಿದನು. ಅವನು ಭಾರತವನ್ನು ಕಂಡವನಲ್ಲ. ಚಿತ್ರಗಳನ್ನು ನೋಡಿಯೇ ಕಟ್ಟಿದವನು. ಹೊರಗೆ ಭಾರತ, ಒಳಗೆ ಚೀನಾ, ಯಜಮಾನ ಮಾತ್ರ ಇಂಗ್ಲಿಷಿನವನು. ಮೈಸೂರಿನವರು ಇದನ್ನು ಕಂಡು ನಗುವಂತಿಲ್ಲ. ೧೯೧೨ರಲ್ಲಿ ಮುಗಿದ ತಮ್ಮ ಅರಮನೆಯ ಗುಮ್ಮಟಗಳ ನಕ್ಷೆ ಬರೆದವನು ಹೆನ್ರಿ ಇರ್ವಿನ್ ಎಂಬ ಬ್ರಿಟಿಷ್ ಶಿಲ್ಪಿಯೆಂಬುದು ಅವರಿಗೆ ಗೊತ್ತು.

ಈ ಅರಮನೆಯಲ್ಲಿ ನೋಡಲೇಬೇಕಾದದ್ದು ಅಡುಗೆಮನೆ. ಎತ್ತರವಾದ ಚಾವಣಿಯನ್ನು ಹೊತ್ತ ಕಬ್ಬಿಣದ ಕಂಬಗಳ ತುದಿಯಲ್ಲಿ ತಾಮ್ರದ ತಾಳೆಗರಿಗಳು. ಗೋಡೆಯುದ್ದಕ್ಕೂ ಥಳಥಳಿಸುವ ತಾಮ್ರದ ಪಾತ್ರೆಗಳು. ಫ್ರಾನ್ಸಿನ ಪ್ರಖ್ಯಾತ ಪಾಕಶಾಸ್ತ್ರಜ್ಞ ಕರೇಮ್ ಇಲ್ಲಿ ಸ್ವಲ್ಪ ಕಾಲ ಅಡುಗೆ ಮಾಡಿದನು. ೧೮೧೭ರ ಜನವರಿಯಲ್ಲಿ ರಷ್ಯದ ರಾಜಕುಮಾರನಿಗೆ ಅವನು ಸಿದ್ಧಪಡಿಸಿದ ಔತಣದಲ್ಲಿ ನೂರಕ್ಕೂ ಮಿಕ್ಕಿದ ಭಕ್ಷ್ಯಗಳಿದ್ದವು. ಆದರೆ ಆ ಮನೆಯಲ್ಲಿ ಮನೆಯೂಟವೆಂಬುದು ಇತ್ತೋ ಇಲ್ಲವೋ! ವಿಕ್ಟೋರಿಯಾ ರಾಣಿಗೆ ಈ ಅರಮನೆ ಹಿಡಿಸದೆ ೧೮೫೦ರಲ್ಲಿ ಅದು ಊರಿನವರಿಗೆ ಮಾರಾಟವಾಯಿತು.

ಅದೇ ಕಾಲದಲ್ಲಿ ಕಡಲ ದಂಡೆಯ ಬಳಿ ನಿಜವಾದ ಭಾರತೀಯನೊಬ್ಬನು ಬದುಕು ಕಟ್ಟಿಕೊಂಡಿದ್ದನು. ಪಾಟ್ನಾದಲ್ಲಿ ೧೭೫೯ರಲ್ಲಿ ಹುಟ್ಟಿದ ದೀನ್ ಮಹಮ್ಮದ್ ೧೮೧೦ರಲ್ಲಿ ಲಂಡನ್ನಿನಲ್ಲಿ ಭಾರತೀಯ ಅಡುಗೆಯ ಉಪಾಹಾರಗೃಹವನ್ನು ತೆರೆದನು. ಎರಡೇ ವರ್ಷಗಳಲ್ಲಿ ದಿವಾಳಿ. ನಮ್ಮ ಮಸಾಲೆಯನ್ನು ಒಲ್ಲದ ಜನ, ಐರಿಷ್ ಹೆಂಡತಿಯೊಡನೆ ಅವನು ಬ್ರೈಟನ್ನಿಗೆ ಬಂದು ಆವಿಯ ಸ್ನಾನ ಮಾಡಿಸಿ ಮೈ ತಿಕ್ಕತೊಡಗಿದಾಗ ಸಾಲುಗಟ್ಟಿ ಬಂದರು. ನಾಲ್ಕನೆಯ ಜಾರ್ಜ್, ನಾಲ್ಕನೆಯ ವಿಲಿಯಂ ಇಬ್ಬರು ದೊರೆಗಳಿಗೂ ಅವನು ಅಭ್ಯಂಜನದ ವೈದ್ಯನಾದನು. ‘ಶಾಂಪೂ’ ಎಂಬ ಮಾತು ಇಂಗ್ಲಿಷಿನಲ್ಲಿ ನೆಲೆಯೂರಿದ್ದೂ ಹೀಗೆಯೇ, ಹಿಂದಿಯ ‘ಚಂಪಿ’ಯ ಬಳಗದಿಂದ. ೧೮೫೧ರಲ್ಲಿ ತೀರಿಕೊಂಡ ಅವನ ಸಮಾಧಿ ಬ್ರೈಟನ್ನಿನ ಸೇಂಟ್ ನಿಕೊಲಸ್ ಇಗರ್ಜಿಯ ಅಂಗಳದಲ್ಲಿದೆ. ಇಂದು ಅದೇ ಊರಿನ ಬೀದಿಬೀದಿಯಲ್ಲಿ ಭಾರತೀಯ ಊಟದ ಮನೆಗಳಿರುವುದನ್ನು ನೋಡಿದರೆ, ಅವನು ಹುಟ್ಟಿದ್ದು ನೂರೈವತ್ತು ವರ್ಷ ಮುಂಚೆ ಎನ್ನಬೇಕು.

ಆದರೆ ಪೆವಿಲಿಯನ್ನಿನ ಒಂದು ಮೂಲೆಯ ಛಾಯಾಚಿತ್ರಗಳ ಮುಂದೆ ಮೇಷ್ಟ್ರು ಬಹಳ ಹೊತ್ತು ನಿಂತುಬಿಟ್ಟರು. ೧೯೧೪ರ ಕೊನೆಯಲ್ಲಿ, ಫ್ರಾನ್ಸ್ ಬೆಲ್ಜಿಯಂ ರಣರಂಗಗಳಲ್ಲಿ ಗಾಯಗೊಂಡ ಭಾರತದ ಸೈನಿಕರಿಗಾಗಿ ಈ ಅರಮನೆಯನ್ನು ಆಸ್ಪತ್ರೆಯಾಗಿ ಮಾರ್ಪಡಿಸಿದ್ದರು. ತೂಗುದೀಪಗಳ ಕೆಳಗೆ ಸಾಲು ಸಾಲು ಮಂಚಗಳು, ಪೇಟ ಸುತ್ತಿದ ರೋಗಿಗಳು. ಕರೇಮನ ಅಡುಗೆಮನೆ ಶಸ್ತ್ರಚಿಕಿತ್ಸೆಯ ಕೋಣೆಯಾಯಿತು. ಅಡುಗೆಗೆ ಬೇರೆ ವ್ಯವಸ್ಥೆ: ಸೈನಿಕರ ಮತ ಜಾತಿಗಳ ನಿಯಮ ಕೆಡದಂತೆ ಒಂಬತ್ತು ಅಡುಗೆಮನೆಗಳು! ಹಿಂದೂಗಳಿಗೂ ಮುಸಲ್ಮಾನರಿಗೂ ನೀರಿನ ನಲ್ಲಿಗಳು ಪ್ರತ್ಯೇಕ. ಹಲಗೆಗಳ ಮೇಲೆ ಹಿಂದಿ, ಉರ್ದು, ಗುರುಮುಖಿ ಅಕ್ಷರಗಳು. ಅಂಗಳದ ಡೇರೆಯಲ್ಲಿ ಸಿಖ್ಖರ ಗುರುದ್ವಾರ. ಎರಡು ಸಾವಿರಕ್ಕೂ ಹೆಚ್ಚು ಮಂದಿ ಇಲ್ಲಿ ಶುಶ್ರೂಷೆ ಪಡೆದರು. ೧೯೧೫ರ ಆಗಸ್ಟಿನಲ್ಲಿ ದೊರೆ ಐದನೆಯ ಜಾರ್ಜ್ ತಾನೇ ಬಂದು ಸುಬೇದಾರ್ ಮೀರ್ ದಸ್ತ್‌ಗೆ ವಿಕ್ಟೋರಿಯಾ ಕ್ರಾಸ್ ತೊಡಿಸಿದನು.

ಈ ಏರ್ಪಾಡಿನಲ್ಲಿ ಕರುಣೆ ಇರಲಿಲ್ಲವೆನ್ನಲಾಗದು, ಲೆಕ್ಕಾಚಾರವೂ ಇತ್ತು. ದೊರೆಯ ಅರಮನೆಯಲ್ಲೇ ನಿಮ್ಮ ಮಕ್ಕಳನ್ನು ಮಲಗಿಸಿದ್ದೇವೆಂದು ಭಾರತಕ್ಕೆ ತೋರಿಸಲು ಚಿತ್ರಗಳೂ ಪುಸ್ತಕವೂ ಅಚ್ಚಾದವು. ಬ್ರೈಟನ್ನಿನ ಜನ ಈ ಸೈನಿಕರನ್ನು ನೋಡಲು ಮುಗಿಬಿದ್ದಿದ್ದರು. ಆದರೆ ಸೈನಿಕರು ಮನಸ್ಸು ಬಂದಂತೆ ಊರೊಳಗೆ ತಿರುಗಾಡುವಂತಿರಲಿಲ್ಲ, ಜನರೊಡನೆ ಬೆರೆಯುವಂತಿರಲಿಲ್ಲ. ಊರಿನ ಹಳೆಯ ಬಡವರ ಆಶ್ರಮವನ್ನು ಕಿಚನರ್ ಹೆಸರಿನಲ್ಲಿ ಆಸ್ಪತ್ರೆ ಮಾಡಿದ್ದರಲ್ಲ, ಅಲ್ಲಿಯಂತೂ ಗೋಡೆಗಳಿಗೆ ಮುಳ್ಳುತಂತಿ, ಬಾಗಿಲಿಗೆ ಪಹರೆ. ಬಿಳಿಯ ಹೆಂಗಸರೊಡನೆ ಪರಿಚಯ ಬೆಳೆದೀತೆಂಬುದೇ ಅಧಿಕಾರಿಗಳ ದೊಡ್ಡ ಭಯ. ಒಂಬತ್ತು ಒಲೆಗಳ ಮೇಲೆ ಅವರವರ ರೊಟ್ಟಿ ಬೇಯುತ್ತಿತ್ತು. ಬೀದಿಯಾಚೆಯ ಮನೆಯೊಂದರ ಮೇಜಿನ ಮುಂದೆ ಕುಳಿತು ಒಂದು ಬಟ್ಟಲು ಚಹ ಕುಡಿಯುವುದು ಮಾತ್ರ ಆ ಗಾಯಾಳುಗಳಿಗೆ ದುರ್ಲಭವಾಗಿತ್ತು. ಹೊಸ ಪಾತ್ರೆ, ಹೊಸ ಸೌಟು ಇಟ್ಟಿದ್ದ ಮನೆಯೊಡತಿ ಈ ವಿವರಣೆಯನ್ನು ಓದಿ ಏನೂ ಮಾತನಾಡದೆ ಹೊರಗೆ ನಡೆದರು.

ಭಾನುವಾರದ ಮಧ್ಯಾಹ್ನದ ಊಟ ಇಂಗ್ಲಿಷರಿಗೆ ವಾರದ ಹಬ್ಬ. ಅಂದು ಎಂಜಿನಿಯರು ಸುಟ್ಟ ಮಾಂಸವನ್ನು ತಾವಾಗಿಯೇ ಬಿಟ್ಟಿದ್ದರು. ಒಲೆಯಲ್ಲಿ ಹೊಂಬಣ್ಣ ಬರುವಂತೆ ಸುಟ್ಟ ಆಲೂಗಡ್ಡೆ, ಗಜ್ಜರಿ, ಎಲೆಕೋಸು, ಬಟಾಣಿಬೇಳೆಯನ್ನು ಮೆತ್ತಗೆ ಬೇಯಿಸಿದ ಒಂದು ಮುದ್ದೆ. ಬೇಳೆಯನ್ನು ಕಂಡ ಕೂಡಲೆ ಮೇಷ್ಟ್ರ ಪತ್ನಿಗೆ ಕೈ ತಡೆಯಲಿಲ್ಲ. “ಇದಕ್ಕೆ ಒಂದು ಒಗ್ಗರಣೆ ಕೊಡಲೆ?” ಎಂದು ಕೇಳಿಯೇಬಿಟ್ಟರು. ಇಂಗ್ಲಿಷರಿಗೆ ಸಾಸಿವೆ ಗೊತ್ತಿಲ್ಲವೆಂದಲ್ಲ; ಅದನ್ನು ಅರೆದು ಹಳದಿ ಗೊಜ್ಜು ಮಾಡಿ ಮೂಗು ಸುಡಿಸಿಕೊಳ್ಳುತ್ತಾರೆ. ಎಣ್ಣೆಯಲ್ಲಿ ಸಿಡಿಸಿದರೆ ಅದು ಸಾಧುವಾಗಿ ಘಮಘಮಿಸುತ್ತದೆಂಬುದನ್ನು ಮಾತ್ರ ಕಂಡುಕೊಳ್ಳಲಿಲ್ಲ. ಸಾಸಿವೆ ಸಿಡಿಯಿತು, ಇಂಗು ಕರಿಬೇವು ಬಿದ್ದವು, ಹೊಗೆ ಕಂಡರೆ ಕೂಗಿಕೊಳ್ಳುವ ಯಂತ್ರ ಚಾವಣಿಯಲ್ಲಿ ಅರಚತೊಡಗಿತು. ಎಂಜಿನಿಯರು ಕುರ್ಚಿ ಹತ್ತಿ ಟವಲು ಬೀಸಿ ಅದನ್ನು ಸುಮ್ಮನಾಗಿಸುವಷ್ಟರಲ್ಲಿ ಬೇಳೆ ಮೇಜಿಗೆ ಬಂದಿತ್ತು. ಒಡತಿ ಎರಡು ಸಲ ಬಡಿಸಿಕೊಂಡರು. ಯಾರೂ ಬೇಡವೆನ್ನಲಿಲ್ಲ.

ಕೊನೆಗೆ ಸಿಹಿ. ಅದು ಸಸೆಕ್ಸ್ ಸೀಮೆಯ ಹೆಮ್ಮೆಯ ‘ಪಾಂಡ್ ಪುಡಿಂಗ್’, ಕೊಳದ ಕಡುಬು. ಹಿಟ್ಟಿನ ಕಣಕದೊಳಗೆ ಬೆಣ್ಣೆ, ಸಕ್ಕರೆ, ಅವುಗಳ ನಡುವೆ ಅಲ್ಲಲ್ಲಿ ಚುಚ್ಚಿದ ಒಂದು ಇಡೀ ನಿಂಬೆಹಣ್ಣು; ಮೂರು ನಾಲ್ಕು ಗಂಟೆ ಹಬೆಯಲ್ಲಿ ಬೇಯಬೇಕು. ಕತ್ತರಿಸಿದೊಡನೆ ಒಳಗಿನ ರಸ ಹರಿದು ತಟ್ಟೆಯಲ್ಲಿ ಕಡುಬಿನ ಸುತ್ತ ಕೊಳ ಕಟ್ಟುತ್ತದೆ. ಹಸುವಿನ ಕೊಬ್ಬಿಗೆ ಬದಲು ಸಸ್ಯದ ಕೊಬ್ಬು ಹಾಕಿದ್ದಾಯಿತು. ಜೊತೆಗೆ ಕಸ್ಟರ್ಡ್. ಇದರಲ್ಲಿ ಮೊಟ್ಟೆ ಇದೆಯೇ ಎಂದು ಮೇಷ್ಟ್ರ ಪತ್ನಿ ಕಣ್ಣಿನಲ್ಲೇ ಕೇಳಿದರು. ಇರಲಿಲ್ಲ. ೧೮೩೭ರಲ್ಲಿ ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ಬರ್ಡ್ ಎಂಬ ಔಷಧ ವ್ಯಾಪಾರಿ, ತನ್ನ ಹೆಂಡತಿಗೆ ಮೊಟ್ಟೆ ಒಗ್ಗದೆಂದು, ಮೆಕ್ಕೆಜೋಳದ ಹಿಟ್ಟಿನಿಂದ ಈ ಪುಡಿಯನ್ನು ಕಂಡುಹಿಡಿದನು. ಒಬ್ಬ ಹೆಂಡತಿಯ ಪಥ್ಯಕ್ಕಾಗಿ ಹುಟ್ಟಿದ ಪುಡಿ ಇಂದು ಮೈಸೂರಿನ ಅಡುಗೆಮನೆಗಳಲ್ಲೂ ಇದೆ. ಆ ಗಂಡ ದೊಡ್ಡ ಸಂತನಲ್ಲದಿದ್ದರೂ ಪುಣ್ಯವಂತನೆನ್ನಲು ಅಡ್ಡಿಯಿಲ್ಲ.

ಮಧ್ಯಾಹ್ನ ಎಂಜಿನಿಯರು ಎಲ್ಲರನ್ನೂ ಕಾರಿನಲ್ಲಿ ಊರ ಹೊರಗಿನ ಪ್ಯಾಚಂ ಕಡೆಗೆ ಕರೆದೊಯ್ದರು. ಛಾಯಾಚಿತ್ರಗಳ ಮುಂದೆ ಮೇಷ್ಟ್ರು ನಿಂತಿದ್ದುದನ್ನು ಕಂಡ ಮೇಲೆ ಮನೆಯೊಡತಿಯೇ ಸೂಚಿಸಿದ ಜಾಗವದು. ಕಾರು ಹೋಗುವ ದಾರಿ ಒಂದು ಕಡೆ ಮುಗಿಯುತ್ತದೆ. ಮುಂದೆ ಹುಲ್ಲು ಹೊದ್ದ ಗುಡ್ಡಗಳ ಮೇಲೆ ಕಾಲುದಾರಿ. ಸುತ್ತ ಕುರಿಗಳು, ಗಾಳಿ, ಅಲ್ಲೆಲ್ಲೋ ಕೆಳಗೆ ಕಡಲು. ದಾರಿಯ ತಿರುವಿನಲ್ಲಿ ಥಟ್ಟನೆ ಬಿಳಿಯ ಅಮೃತಶಿಲೆಯ ಒಂದು ಛತ್ರಿ. ಎಂಟು ಕಂಬಗಳ ಮೇಲೆ ಒಂದು ಗುಮ್ಮಟ. ಬ್ರೈಟನ್ನಿನ ಆಸ್ಪತ್ರೆಗಳಲ್ಲಿ ಮಡಿದ ಐವತ್ತಮೂರು ಹಿಂದೂ ಮತ್ತು ಸಿಖ್ ಸೈನಿಕರನ್ನು ಈ ಗುಡ್ಡಕ್ಕೆ ತಂದು,  ಅವರವರ ವಿಧಿಯಂತೆ ಚಿತೆಯಲ್ಲಿ ದಹಿಸಿದರು. ಮುಸಲ್ಮಾನ ಸೈನಿಕರನ್ನು ವೋಕಿಂಗ್‌ನಲ್ಲಿ ಮಣ್ಣು ಮಾಡಿದರು. ಚಿತೆಯಿದ್ದ ಜಾಗದಲ್ಲಿ ಮುಂಬಯಿಯ ತರುಣ ಶಿಲ್ಪಿ ಇ. ಸಿ. ಹೆನ್ರಿಕ್ಸ್ ರೂಪಿಸಿದ ಈ ಛತ್ರಿಯನ್ನು ೧೯೨೧ರ ಫೆಬ್ರವರಿ ೧ರಂದು ವೇಲ್ಸಿನ ರಾಜಕುಮಾರನು ಅನಾವರಣ ಮಾಡಿದನು. ಪ್ರತಿ ವರ್ಷ ಜೂನ್ ತಿಂಗಳಲ್ಲಿ ಇಲ್ಲಿ ಜನ ಸೇರಿ ಹೂವಿಡುತ್ತಾರೆ.

ಸತ್ತವರ ಹೆಸರುಗಳನ್ನು ಕೆತ್ತಿಸಲು ಮಾತ್ರ ಬಹಳ ಕಾಲ ಹಿಡಿಯಿತು. ಛತ್ರಿಯ ಹತ್ತಿರ ಐವತ್ತಮೂರು ಹೆಸರುಗಳ ಕಲ್ಲು ಬಂದದ್ದು ೨೦೧೦ರಲ್ಲಿ. ಮೇಷ್ಟ್ರು ಕನ್ನಡಕ ಏರಿಸಿಕೊಂಡು ಆ ಹೆಸರುಗಳನ್ನು ಒಂದೊಂದಾಗಿ, ತರಗತಿಯಲ್ಲಿ ಹಾಜರಿ ಕರೆಯುವಂತೆ, ಗಟ್ಟಿಯಾಗಿ ಓದಿದರು. ಎಂಜಿನಿಯರು ಟೋಪಿ ತೆಗೆದು ನಿಂತಿದ್ದರು. ಮೇಷ್ಟ್ರ ಪತ್ನಿ ಚೀಲದಲ್ಲಿ ಉಳಿದಿದ್ದ ಅವಲಕ್ಕಿಯನ್ನು ಒಂದು ಹಿಡಿ ತೆಗೆದು, ಗಾಳಿಗೆ ಹಾರದಂತೆ ಎರಡು ಕೈಯಲ್ಲೂ ಮುಚ್ಚಿಕೊಂಡು ಹೋಗಿ, ಕಲ್ಲಿನ ಕೆಳಗಿನ ಹುಲ್ಲಿನ ಮೇಲೆ ಇಟ್ಟು ಬಂದರು. ಅವರು ಗೇಟಿನ ಬಳಿಗೆ ಮರಳುವಷ್ಟರಲ್ಲಿ ಮನೆಯೊಡತಿ ಫ್ಲಾಸ್ಕಿನಿಂದ ಐದನೆಯ ಬಟ್ಟಲಿಗೆ ಚಹ ಬಗ್ಗಿಸುತ್ತಿದ್ದರು.